ಬದಲಾವಣೆ ಮೇಜಿನ ವೆನೆತಕ್ಕ

ಸಂಶೋಧನೆಗೆ ಅನುದಾನ ಮಂಜೂರಾಯಿತು ಎಂದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರನ್ನು ಕಂಡರೆ ವೆನೆತಾ ಕರಾಲೀವಾಗೆ ಮೈಯುರಿಯುತ್ತಿತ್ತು. ಮುಗಿಯುವುದೆಲ್ಲಿ ಬಂತು? ಪಡಿಪಾಟಲು ಶುರುವಾಗುವುದೇ ಅಲ್ಲಿಂದ. ರಾಜಧಾನಿ ಸೋಫಿಯಾದ ಅನುದಾನ ಕಚೇರಿಯವರು ಒಪ್ಪಿಗೆ ಕೊಟ್ಟಿರುವುದು ಕಾಗದದ ಮೇಲಿನ ಯೋಜನೆಗೆ. ಬದುಕು ಆ ಕಾಗದ ಓದಿಕೊಂಡು ನಡೆಯುತ್ತದೆಯೇ? ಕೊಳ್ಳುತ್ತೇವೆಂದು ಬರೆದ ಯಂತ್ರದ ಕಂಪನಿ ಬಾಗಿಲು ಹಾಕಿರುತ್ತದೆ. ಸಹಾಯಕ ಮದುವೆಯಾಗಿ ದೂರದ ವರ್ನಾ ಊರಿಗೆ ಹೋಗಿರುತ್ತಾನೆ. ಪ್ರೊಫೆಸರರ ಮಂಡಿ ಬೆಟ್ಟ ಹತ್ತುವ ವರ್ಷವೇ ಕೈಕೊಡುತ್ತದೆ. ಆಗ ಎಲ್ಲರೂ ಮುಖ ಸಣ್ಣದು ಮಾಡಿಕೊಂಡು ಎರಡನೇ ಮಹಡಿಯ ಕೊನೆಯ ಕೋಣೆಗೆ ಬರುತ್ತಿದ್ದರು. ಡ್ಯಾನ್ಯೂಬ್ ದಂಡೆಯ ಆ ವಿಶ್ವವಿದ್ಯಾಲಯದಲ್ಲಿ ಮಂಜೂರಾದ ಮೇಲಿನ ಬದಲಾವಣೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ವೆನೆತಾ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಅವಳು ವೆನೆತಕ್ಕ.

ಬೈಯುತ್ತಿದ್ದಳು, ಅದು ನಿಜ. "ಇಷ್ಟು ದಿನ ಎಲ್ಲಿ ಮಲಗಿದ್ರಿ? ನೀರು ಕುತ್ತಿಗೆಗೆ ಬಂದ್ಮೇಲೆ ನನ್ನ ನೆನಪಾಯ್ತಾ?" ಎಂದು ಶುರು ಮಾಡಿದರೆ ಪ್ರೊಫೆಸರರೂ ಹುಡುಗರ ಹಾಗೆ ತಲೆ ತಗ್ಗಿಸಿ ನಿಲ್ಲಬೇಕು. ಬೈದು ಮುಗಿಸಿ ಕಾಫಿ ಕೊಡುವಳು. ಕಾಫಿ ಮುಗಿಯುವಷ್ಟರಲ್ಲಿ ದಾರಿಯೊಂದು ಕಾಣುತ್ತಿತ್ತು. ಯಾರಾದರೂ ವಿಚಾರಣೆಗೆಂದು ಸೋಫಿಯಾಕ್ಕೆ ಹೊರಟರೆ ಅವರ ಕಾಲಮುಂದೆ ಒಂದು ಲೋಟ ನೀರು ಚೆಲ್ಲಿ, "ಹೋಗು, ಕೆಲ್ಸ ನೀರು ಹರಿದ ಹಾಗೆ ಆಗ್ಲಿ" ಎನ್ನುತ್ತಿದ್ದಳು. ಆ ಊರಲ್ಲಿ ಅದು ಎಲ್ಲ ಮನೆಯ ಹೊಸ್ತಿಲಲ್ಲೂ ನಡೆಯುವ ಪದ್ಧತಿ. ಆದರೆ ಕಚೇರಿಯ ಪಡಸಾಲೆಯಲ್ಲಿ ನೀರು ಚೆಲ್ಲಿದರೆ ಕಸ ಗುಡಿಸುವ ಮಿಂಕಾ ಬಿಡುತ್ತಾಳೆಯೇ? ಇಬ್ಬರಿಗೂ ದಿನ ಬೆಳಗಾದರೆ ಜಗಳ.

ವೆನೆತಾ ಆ ಮೇಜಿಗೆ ಬಂದದ್ದು ಬಯಸಿ ಅಲ್ಲ. ಅವಳು ಓದಿದ್ದು ರಸಾಯನಶಾಸ್ತ್ರ. ಹರೆಯದಲ್ಲಿ ನದಿಯ ನೀರನ್ನು ಸೀಸೆಗಳಲ್ಲಿ ತುಂಬಿ ತಂದು ಪರೀಕ್ಷೆ ಮಾಡುವ ಸಂಶೋಧನೆಯಲ್ಲಿದ್ದಳು. ಅವಳಿ ಮಕ್ಕಳು ಹುಟ್ಟಿದವು. ಅವಳ ಪ್ರೊಫೆಸರ್ ಒಳ್ಳೆಯ ಮನುಷ್ಯ. ತೊಟ್ಟಿಲಿಗೆ ಹೊದಿಕೆಯನ್ನೂ ತಂದುಕೊಟ್ಟ. "ನೀನು ಆರಾಮಾಗಿ ಮಕ್ಕಳನ್ನ ನೋಡ್ಕೊ" ಎಂದು ಹೇಳಿ, ಯೋಜನೆಯಲ್ಲಿ ಅವಳ ಹೆಸರು ಹೊಡೆದುಹಾಕಿ ಇನ್ನೊಬ್ಬರ ಹೆಸರು ಬರೆದ. ಅಷ್ಟೇ. ಅವಳು ಮತ್ತೆ ನದಿಗೆ ಹೋಗಲಿಲ್ಲ. ಕೆಲಸವಿಲ್ಲದೆ ಅಲೆಯುತ್ತಿದ್ದಾಗ ಲೆಕ್ಕಪತ್ರ ಕೋಣೆಯ ಮುದುಕ ಸ್ಪಾಸಣ್ಣ ಕರೆದು, "ನನ್ ಪಕ್ಕ ಒಂದು ಕುರ್ಚಿ ಖಾಲಿ ಇದೆ, ಕೂತ್ಕೊಳಮ್ಮ" ಎಂದ. ಆ ಒಂದು ಮಾತಿಗೆ ವೆನೆತಾ ಅವನ ಹೆಸರಿನಲ್ಲಿ ಪ್ರತಿ ವರ್ಷ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚುತ್ತಿದ್ದಳು. ಕುರ್ಚಿ ಕೊಟ್ಟವನನ್ನು ಮರೆತರೆ ಅನ್ನ ಜೀರ್ಣವಾಗುವುದಿಲ್ಲ ಎಂಬುದು ಅವಳ ನಂಬಿಕೆ.

ಇನ್ನು ಸಿಯಾನಾಳ ಕಥೆ. ಸಿಯಾನಾ ಮರಿಂಚೇವಾ ಸ್ಟರ್ಜನ್ ಮೀನಿನ ಹಿಂದೆ ಬಿದ್ದ ಹುಡುಗಿ. ಬೆನ್ನ ಮೇಲೆ ಮೂಳೆಯ ಕವಚ ಹೊತ್ತ ಈ ಮೀನು ವಸಂತದಲ್ಲಿ ಮೊಟ್ಟೆಯಿಡಲು ನದಿಯಲ್ಲಿ ಮೇಲಕ್ಕೆ ಬರುತ್ತದೆ. ಆಗಲೇ ಹಿಡಿದು, ಗುರುತು ಹಾಕಿ, ಬಿಡಬೇಕು. ಅವಳಿಗೆ ಸಿಕ್ಕಿದ್ದ ಅನುದಾನ ಮೂರು ವಸಂತಗಳದ್ದು. ಎರಡು ಮುಗಿದಿದ್ದವು. ಮೂರನೆಯದು ಕೈತಪ್ಪಿದರೆ ಹಿಂದಿನ ಎರಡಕ್ಕೂ ಅರ್ಥವಿಲ್ಲ.

ಅಕ್ಟೋಬರಿನಲ್ಲಿ ಸಂತ ದಿಮಿತರನ ಹಬ್ಬ ಬಂತು. ಆ ಸಂತನ ಹೆಸರನ್ನೇ ಹೊತ್ತಿದ್ದ, ಸಿಯಾನಾಳ ದೋಣಿ ನಡೆಸುವ ದಿಮೋನಿಗೆ ಅಂದು ಹೆಸರಿನ ಹಬ್ಬ. ಪದ್ಧತಿಯಂತೆ ಅವನೇ ರಕಿಯಾ ಸಾರಾಯಿ, ಹುರಿದ ಮೀನು ಹೊತ್ತು ತಂದು ಕಚೇರಿಯಲ್ಲಿ ಎಲ್ಲರಿಗೂ ಹಂಚಿದ. ಯಾವತ್ತೂ ಮೊದಲ ಲೋಟ ಎತ್ತುವ ಸಿಯಾನಾ ಅಂದು ತುಟಿಗೆ ತಾಗಿಸಿ ಮೆಲ್ಲನೆ ಕೆಳಗಿಟ್ಟಳು. ಅವಳಿ ಹೆತ್ತವಳಿಗೆ ಅಷ್ಟು ಸಾಕಲ್ಲವೇ? ವೆನೆತಾ ನೋಡಿದಳು, ಅರ್ಥ ಮಾಡಿಕೊಂಡಳು, ಮೀನಿನ ಮುಳ್ಳು ಬಿಡಿಸುತ್ತ ಕೂತಳು.

ಕೇಳಲಿಲ್ಲ. ಅಲ್ಲಿ ಯಾರೂ ಕೇಳುವುದಿಲ್ಲ. ಹೊಟ್ಟೆಯಲ್ಲಿ ಮಗು ನಿಂತದ್ದನ್ನು ತಾನಾಗಿ ಹೇಳುವ ತನಕ ಹೇಳಿಸಬಾರದು, ದೃಷ್ಟಿಯಾಗುತ್ತದೆ. ಸಿಯಾನಾ ಎರಡು ವರ್ಷದ ಹಿಂದೆ ಊರಿಗೆಲ್ಲ ಹೇಳಿಕೊಂಡು ಕುಣಿದಿದ್ದಳು; ಆ ಬಸಿರು ನಿಲ್ಲಲಿಲ್ಲ. ಈ ಸಲ ತನ್ನ ಅಮ್ಮನಿಗೂ ತಡವಾಗಿ ಹೇಳಿದಳಂತೆ. ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯಿತು. ಹುಡುಗಿ ದಪ್ಪ ಕೋಟಿನೊಳಗೆ ಬಾಯಿ ಹೊಲಿದುಕೊಂಡಿದ್ದಳು. ವೆನೆತಾ ಮೇಜಿನ ಹಿಂದೆ ನಾಲಿಗೆ ಕಚ್ಚಿಕೊಂಡಿದ್ದಳು.

ಜನವರಿಯಲ್ಲಿ ಒಂದು ಬೆಳಗ್ಗೆ ಸಿಯಾನಾ ಬಂದಳು.

"ವೆನೆತಕ್ಕ, ಒಂದು ವಿಷ್ಯ ಹೇಳ್ಬೇಕಿತ್ತು."

"ಹೇಳುವಿಯಂತೆ. ಮೊದ್ಲು ಕೋಟು ಬಿಚ್ಚು, ಬೆವರ್ತಾ ಇದೀಯ."

ಬಿಚ್ಚಿದಳು. ಇನ್ನು ಹೇಳುವುದೇನು ಉಳಿದಿತ್ತು?

"ಯಾವಾಗ?"

"ಏಪ್ರಿಲ್."

"ಮೀನು?"

"ಅವೂ ಏಪ್ರಿಲ್‌ನಲ್ಲೇ ಬರೋದು ಅಕ್ಕ."

ದೃಷ್ಟಿ ತಾಗದಿರಲೆಂದು ವೆನೆತಾ ನೆಲದತ್ತ ಪೂ ಪೂ ಎಂದು ಉಗುಳಿದಂತೆ ಮಾಡಿ, ಮೇಜಿನ ಮರ ಕುಟ್ಟಿ, ಅವಳನ್ನು ತಬ್ಬಿಕೊಂಡಳು. ಆಮೇಲೆ ಬೈದಳು. ಬೈಗುಳದ ಅರ್ಧ ತನಗೇ ಸೇರಬೇಕೆಂಬುದು ಅವಳಿಗೆ ಗೊತ್ತಿತ್ತು.

ಕಷ್ಟವಿದ್ದದ್ದು ಹೀಗೆ. ಯೋಜನೆಯ ಮುಖ್ಯಸ್ಥೆಗೆ ಕೆಲಸ ಮಾಡಲಾಗದ ಸಂದರ್ಭ ಬಂದರೆ, ವಿಷಯ ತಿಳಿದ ತಿಂಗಳೊಳಗೆ ಕಚೇರಿ ಸೋಫಿಯಾಕ್ಕೆ ಹೇಳಬೇಕು. ಆಗ ಅವರು ಯೋಜನೆಯನ್ನು ಒಂದು ವರ್ಷ ನಿಲ್ಲಿಸಿಕೊಡುತ್ತಾರೆ. ಮರುವಸಂತ ಅಲ್ಲಿಂದಲೇ ಮುಂದುವರಿಸಬಹುದು. ತಡವಾಗಿ ಹೇಳಿದರೆ ನಿಲ್ಲಿಸುವ ಮಾತಿಲ್ಲ. ಉಳಿಯುವುದು ಒಂದೇ ದಾರಿ, ಮುಖ್ಯಸ್ಥೆಯ ಹೆಸರು ತೆಗೆದು ಇನ್ನೊಬ್ಬರದು ಹಾಕುವುದು.

ಡೀನ್ ಪಾಂಚೆವ್ ಆ ದಾರಿಯನ್ನೇ ಹಿಡಿದ. "ಅವಳ ವಿಭಾಗದಲ್ಲೇ ಇರೋ ಕಿರಿಲ್ ಹೆಸ್ರು ಹಾಕಿ ಕಳ್ಸಿಬಿಡಿ ವೆನೆತಾ. ಒಂದು ಸಾಲಿನ ಕೆಲ್ಸ. ಪಾಪ, ಆ ಹುಡ್ಗಿ ಆರಾಮಾಗಿ ಮಗೂನ ನೋಡ್ಕೊಳ್ಲಿ."

ಮಾತಿನಲ್ಲಿ ಕೆಡುಕಿರಲಿಲ್ಲ, ಅದಕ್ಕೇ ಅದು ಅಷ್ಟು ಚುಚ್ಚಿತು. ಹಿಂದೆ ಅವಳ ಪ್ರೊಫೆಸರ್ ಆಡಿದ್ದೂ ಇದೇ ಮಾತು, ಇದೇ ಮೆದು ದನಿಯಲ್ಲಿ.

"ಇವತ್ತೊಂದು ದಿನ ಬಿಡಿ ಸಾರ್," ಎಂದಳು ವೆನೆತಾ. ಕೋಣೆಗೆ ಬಂದು ಸಿಯಾನಾಳನ್ನು ಕೂರಿಸಿಕೊಂಡು, ಯಾರಿಗೂ ಹೇಳದ ತನ್ನ ಸೀಸೆಗಳ ಕಥೆ ಹೇಳಿದಳು. "ನನ್ ಹೆಸ್ರು ಹೊಡ್ದಾಗ ಯಾರೂ ಒಂದು ಮಾತು ಕೇಳ್ಲಿಲ್ಲ ಕಣೆ. ನಾನೂ ಕೇಳ್ಕೊಳ್ಲಿಲ್ಲ. ನಿಂದು ಹೊಡಿಯೋಕೆ ನನ್ ಕೈ ಬರಲ್ಲ."

ಮರುದಿನ ಸೋಫಿಯಾಕ್ಕೆ ಫೋನು ಮಾಡಿದಳು. ಅತ್ತ ಕಡೆ ಅನುದಾನದ ಕಡತ ನೋಡುವ ದೊಬ್ರಿನೋವಾ ಮೇಡಂ. ಆಕೆಯ ಹೆಸರು ಕೇಳಿದರೆ ಪ್ರೊಫೆಸರರು ನಡುಗುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯೇ ಇವಳು ಎಂದು ಎಲ್ಲರ ಲೆಕ್ಕ. ವೆನೆತಾ ವಿಷಯ ಹೇಳಿದಳು. ಆಕೆ ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ಕಚೇರಿಗೆ ಇದು ಗೊತ್ತಾಗಿದ್ದು ಯಾವಾಗ?"

ನಿನ್ನೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಬಾಯಿಯ ತನಕ ಬಂತು, ಹೊರಗೆ ಬರಲಿಲ್ಲ. ಆ ಮೇಜಿನಲ್ಲಿ ಇಷ್ಟು ವರ್ಷ ಅವಳ ಮಾತಿಗೆ ಬೆಲೆ ಬಂದದ್ದು ಸುಳ್ಳು ಹೇಳದ್ದರಿಂದ.

"ಮೇಡಂ, ನಿಜ ಹೇಳ್ತೀನಿ. ಅಕ್ಟೋಬರ್‌ನಲ್ಲೇ ನನಗೆ ಅನುಮಾನ ಬಂತು. ದಿಮೋ ಹೆಸರಿನ ಹಬ್ಬದ ದಿನ ಹುಡ್ಗಿ ರಕಿಯಾ ಮುಟ್ಲಿಲ್ಲ."

ಹೋಯಿತು, ನನ್ನ ಬಾಯಿಂದಲೇ ಹುಡುಗಿಯ ಹೆಸರಿಗೆ ಕಲ್ಲು ಬಿತ್ತು ಎಂದುಕೊಂಡಳು ವೆನೆತಾ.

"ನೀವು ಅವಳನ್ನ ಕೇಳಿದ್ರಾ?"

"ಅದ್ಹೇಗೆ ಕೇಳೋದು ಮೇಡಂ? ಅವ್ಳಿಗೆ ಮೊದ್ಲೊಂದು ಹೋಗಿತ್ತು."

ಈ ಸಲ ಬಂದ ದನಿ ಕಚೇರಿಯದಾಗಿರಲಿಲ್ಲ.

"ನನ್ ಸೊಸೆನೂ ಹೀಗೇ ಮಾಡಿದ್ಲು. ಒಂದೇ ಮನೇಲಿದ್ವಿ, ಐದು ತಿಂಗ್ಳು ತುಂಬೋವರೆಗೂ ನಾನು ಕುರುಡಿ ಥರ ಓಡಾಡ್ದೆ. ಕೇಳೋಕಾಗುತ್ತೇನ್ರಿ? ಸರಿ, ಆ ಹುಡ್ಗಿ ಬಾಯ್ಬಿಟ್ಟು ಹೇಳಿದ್ದು ಯಾವತ್ತು?"

"ನಿನ್ನೆ."

"ಹಾಗಾದ್ರೆ ನಿಮಗೆ ಗೊತ್ತಾಗಿದ್ದು ನಿನ್ನೆ. ಅನುಮಾನಕ್ಕೆಲ್ಲ ನಮ್ಮಲ್ಲಿ ತಾರೀಕು ಹಾಕಲ್ಲ. ಇವತ್ತೇ ಕಳ್ಸಿ, ಒಂದು ವರ್ಷ ನಿಲ್ಲಿಸ್ಕೊಡೋದು ನನ್ ಜವಾಬ್ದಾರಿ." ಫೋನಿಡುವ ಮೊದಲು ಆಕೆ ಅತ್ತ ಕಡೆಯಿಂದ ಪೂ ಪೂ ಎಂದದ್ದು ವೆನೆತಾಳ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

ಒಪ್ಪಿಗೆ ಬಂತು. ಏಪ್ರಿಲಿನಲ್ಲಿ ಮೀನುಗಳು ಯಾರಿಗೂ ಸಿಗದೆ ತಮ್ಮ ಪಾಡಿಗೆ ತಾವು ನದಿ ಹತ್ತಿದವು. ಸಿಯಾನಾಳಿಗೆ ಹೆಣ್ಣುಮಗು ಹುಟ್ಟಿತು. ವೆನೆತಾ ಹುರುಳಿಕಾಯಿ ಸಾರು, ದುಂಡನೆ ರೊಟ್ಟಿ ಕಟ್ಟಿಕೊಂಡು ಬಾಣಂತಿಯನ್ನು ನೋಡಲು ಹೋದಳು. ಮಗುವನ್ನು ಎತ್ತಿಕೊಂಡು, "ಎಂಥ ಕುರೂಪಿ ಇದು" ಎಂದು ನಾಲ್ಕು ಸಲ ಹೇಳಿದಳು. ದೃಷ್ಟಿಯಾಗಬಾರದಲ್ಲ.

ಮುಂದಿನ ಚಳಿಗಾಲ ಆ ಕಚೇರಿಯಲ್ಲಿ ವೆನೆತಾಳ ಕೊನೆಯ ಚಳಿಗಾಲ. ವರ್ಷ ತಿರುಗಿದರೆ ನಿವೃತ್ತಿ. ಮೇಜು ಖಾಲಿ ಮಾಡುತ್ತಿದ್ದಾಗ ಸಿಯಾನಾ ಕೆಲಸಕ್ಕೆ ಮರಳಿದವಳು ನೇರ ಬಂದು ಎದುರಿಗೆ ಕೂತಳು.

"ಇನ್ನೊಂದು ಬದಲಾವಣೆ ಇದೆ ವೆನೆತಕ್ಕ. ದೋಣಿಗೆ ಒಬ್ರು ಬೇಕು. ಮೀನು ಸಿಕ್ಕಿದ ಜಾಗದ ನೀರು ಪರೀಕ್ಷೆ ಮಾಡೋಕೆ."

"ಹೋಗೋ ಮುದುಕೀನೂ ಬಿಡಲ್ವಲ್ಲ ನೀವು. ಹೇಳು, ಬರ್ಕೋತೀನಿ. ಓದಿರೋದೇನು?"

"ರಸಾಯನಶಾಸ್ತ್ರ."

"ಅನುಭವ?"

"ನದಿ ನೀರಿನ ಕೆಲ್ಸಾನೇ ಮಾಡಿದ್ದು. ಬಿಟ್ಟು ತುಂಬ ವರ್ಷ ಆಯ್ತು."

"ಬಿಟ್ಟಿದ್ಯಾಕೆ ಅಂತ ಕೇಳ್ತಾರೆ ಸೋಫಿಯಾದವ್ರು."

"ಅವಳಿ ಮಕ್ಕಳು ಹುಟ್ಟಿದ್ವು."

ವೆನೆತಾಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಕಿಟಕಿಯಾಚೆ ನೋಡಿದಳು. ಕೊನೆಗೆ, ರೂಢಿ ಬಿಡಲಾರದೆ ಕೇಳಿದಳು, "ಹೆಸ್ರು?"

"ಅದನ್ನ ನೀವೇ ಬರ್ಕೊಳಿ ಅಕ್ಕ."

ಒಂದು ಸಾಲಿನ ಕೆಲಸ. ಎಷ್ಟೋ ಜನರ ಹೆಸರನ್ನು ಕಣ್ಣು ಮುಚ್ಚಿ ಬರೆದ ವೆನೆತಾಗೆ ಆ ಒಂದು ಸಾಲು ಬರೆಯಲು ಕನ್ನಡಕ ಒರೆಸಿ ಒರೆಸಿ ಸಾಕಾಯಿತು.

ಏಪ್ರಿಲಿನ ಒಂದು ಬೆಳಗ್ಗೆ ದೋಣಿಕಟ್ಟೆಯಲ್ಲಿ ಸಿಯಾನಾ ಅವಳ ಕಾಲಮುಂದೆ ಒಂದು ಲೋಟ ನೀರು ಚೆಲ್ಲಿದಳು. ಇಷ್ಟು ವರ್ಷ ಊರವರಿಗೆಲ್ಲ ನೀರು ಚೆಲ್ಲಿದ ವೆನೆತಾಳ ಎದುರು ಯಾರೂ ಚೆಲ್ಲಿರಲಿಲ್ಲ. ಅವಳು ಆ ತೇವದ ಮೇಲೆ ಬಲಗಾಲಿಟ್ಟು ದೋಣಿ ಹತ್ತಿದಳು. ನಡುನದಿಯಲ್ಲಿ ಬಾಗಿ ಸೀಸೆ ಅದ್ದಿದಾಗ ನೀರು ಅದೇ ಹಳೆಯ ಚಳಿಯಿಂದ ಕೈ ಕಚ್ಚಿತು. ಸ್ಪಾಸಣ್ಣ ನೆನಪಾದ, ದೊಬ್ರಿನೋವಾ ನೆನಪಾದಳು, ಎದುರಿಗೆ ಬಲೆ ಬಿಡಿಸುತ್ತಿದ್ದ ಹುಡುಗಿ ಕಂಡಳು. ಯಾರಿಗೆಂದು ಕೃತಜ್ಞತೆ ಹೇಳುವುದು? ಅಳು ಬಂದುಬಿಟ್ಟಿತು.

"ಕಣ್ಣೀರು ಸೀಸೆಗೆ ಬೀಳಿಸ್ಬೇಡ ವೆನೆತಕ್ಕ," ಎಂದ ದಿಮೋ, ಹುಟ್ಟು ಹಾಕುತ್ತಲೇ. "ಆಮೇಲೆ ಡ್ಯಾನ್ಯೂಬ್ ಉಪ್ಪಾಗಿದೆ ಅಂತ ಸೋಫಿಯಾಗೆ ಬರೀಬೇಕಾಗುತ್ತೆ."

ಅವಳು ನಕ್ಕು, ಸೀಸೆಯ ಬಿರಡೆ ಬಿಗಿದು, ಮೇಲಿನ ಚೀಟಿಯಲ್ಲಿ ಜಾಗ ಬರೆದಳು, ತಾರೀಕು ಬರೆದಳು. ನೀರು ತೆಗೆದವರು ಎಂದಿದ್ದ ಕಡೆ ತನ್ನ ಹೆಸರು ಬರೆದಳು.