ಮುಷ್ಟಿಯಲ್ಲಿ ಐದು ಹಂತ

ಸುರಪುರದ ಕಾಲೇಜಿಗೆ ವೈವಾ ಪರೀಕ್ಷಕನಾಗಿ ಹೋಗುವುದೆಂದರೆ ನನಗೆ ಒಳಗೊಳಗೇ ಹಿಗ್ಗು. ಶಹಾಪುರದಲ್ಲಿ ನನ್ನ ಕೈಕೆಳಗೆ ಬಿಸಿಎ ಓದಿದ ಹುಡುಗಿಯೇ ಈಗ ಅಲ್ಲಿ ಅತಿಥಿ ಉಪನ್ಯಾಸಕಿ. ಈ ಸಲವೂ ಹೋದ ಕೂಡಲೇ ಪ್ರಿನ್ಸಿಪಾಲರ ಮುಂದೆ, "ಇವರ ನಮ್ಮ ಗುರುಗಳ್ರಿ" ಎಂದಳು. ಇರಲಿ ಬಿಡವ್ವ ಎನ್ನುತ್ತಲೇ ಇನ್ನೊಮ್ಮೆ ಹೇಳಲಿ ಎಂದು ಕಾದೆ.

ಪ್ರಿನ್ಸಿಪಾಲರು ನನ್ನ ಪಕ್ಕದಲ್ಲೇ ಕೂತರು. ಪ್ರತಿವರ್ಷ ಅವಳನ್ನು ಮುಂದುವರಿಸುವುದೋ ಬಿಡುವುದೋ ಅವರ ಮಾತಿನ ಮೇಲೆ. ಮೊದಲು ಬಂದ ವಿದ್ಯಾರ್ಥಿನಿಗೆ ಸುಲಭದ್ದನ್ನೇ ಕೇಳಿದೆ: ಸಾಫ್ಟ್‌ವೇರ್ ಕಟ್ಟುವ ವಾಟರ್‌ಫಾಲ್ ಮಾದರಿಯಲ್ಲಿ ಎಷ್ಟು ಹಂತ?

"ಐದ್ರಿ ಸರ್."

ಆಗಷ್ಟೇ ನಾನೊಂದು ಹೊಸ ಪುಸ್ತಕ ಓದಿದ್ದೆ. ಅದರಲ್ಲಿ ಏಳು ಹಂತ. ಈ ಕೆಲಸ ಆಗುವಂಥದ್ದೇ ಎಂದು ಮೊದಲು ನೋಡುವುದು, ಮುಗಿದ ಮೇಲೆ ಗ್ರಾಹಕನಿಗೆ ಒಪ್ಪಿಸುವುದು, ಈ ಎರಡನ್ನೂ ಅದು ಬೇರೆಯಾಗಿ ಎಣಿಸಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನೂ ಹಿಡಿದೆ.

"ಉಳಿದ ಎರಡು ಕೃಷ್ಣಾ ಹೊಳಿಗೆ ಬಿಟ್ಟು ಬಂದಿಯೇನು? ಯಾರವ್ವ ನಿನಗ ಕಲಿಸಿದ್ದು?"

ಬಾಗಿಲಲ್ಲಿ ಸಾಲು ನಿಂತಿದ್ದವರು ನಕ್ಕರು. ಹುಡುಗಿ ಕಣ್ಣು ತುಂಬಿಕೊಂಡು ಬಲಗೈ ಚಾಚಿದಳು. ಕಿರುಬೆರಳು ಮಡಚಿ, ಏನು ಬೇಕೆಂದು ಕೇಳುವುದು. ಮುಂದಿನದಕ್ಕೆ ವಿನ್ಯಾಸ. ಆಮೇಲೆ ಕೋಡಿಂಗ್, ಟೆಸ್ಟಿಂಗ್. ಕೊನೆಗೆ ಎಲ್ಲದರ ಮೇಲೆ ಹೆಬ್ಬೆರಳು ಒತ್ತಿ, ದುರಸ್ತಿ, ದೇಖರೇಖಿ. "ಮುಷ್ಟಿ ಬಿಗೀತು, ಸಾಫ್ಟ್‌ವೇರ್ ತಯಾರ್ರಿ."

ಆ ಮುಷ್ಟಿ ನನ್ನದು. ಶಹಾಪುರದಲ್ಲಿ ಹುಡುಗರು ಮರೆಯದಿರಲೆಂದು ನಾನೇ ಹುಟ್ಟಿಸಿ, ಬೆರಳು ಮಡಚಿ ಮಡಚಿ ಕಲಿಸಿದ್ದು.

ಬಾಗಿಲ ಬಳಿಯಿಂದ ನನ್ನ ಹಳೆಯ ಶಿಷ್ಯೆಯ ದನಿ ಬಂತು. "ನಾನ ಕಲಿಸೀನ್ರಿ ಸರ್. ತಪ್ಪಾಗ್ಯಾದ."

ಯಾರಿಂದ ಕಲಿತೆ ಎಂದು ಹೇಳಲಿಲ್ಲ. ಪ್ರಿನ್ಸಿಪಾಲರು ಅವಳನ್ನೊಮ್ಮೆ ನೋಡಿ, "ಹಿಂಗೇನು ಪಾಠ?" ಎಂದರು. ಪುಸ್ತಕಕ್ಕೊಂದು ಲೆಕ್ಕ ಇದೆ, ಐದೂ ಸರಿ, ಏಳೂ ಸರಿ. ಇಷ್ಟು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಮುಂದಿನವರನ್ನು ಕಳಿಸಿ ಎಂದೆ.

ಅವಳು ಹೊರಗೆ ಹೋಗಿ ಎಲ್ಲರಿಗೂ ಏಳು ಹೇಳಿಕೊಟ್ಟಿರಬೇಕು. ಆಮೇಲೆ ಬಂದವರೆಲ್ಲ ಬಲಗೈ ಮುಷ್ಟಿ ಕಟ್ಟಿ, ಉಳಿದ ಎರಡಕ್ಕೆ ಗಾಬರಿಯಿಂದ ಎಡಗೈ ಎತ್ತುತ್ತಿದ್ದರು. ಮೊದಲ ಹುಡುಗಿಗೆ ಪೂರ್ತಿ ಅಂಕ ಕೊಟ್ಟೆ. ಅದು ಯಾರಿಗೂ ಕಾಣುವಂಥದ್ದಲ್ಲ.

ಸಂಜೆ ನನ್ನ ಶಿಷ್ಯೆ ಬಸ್ ಸ್ಟ್ಯಾಂಡಿನ ತನಕ ಬಿಡಲು ಬಂದಳು. "ಸರ್, ಬರೋ ವರ್ಷ ನನ್ನ ಇಟ್ಕೊಂಡ್ರ, ಐದು ಕಲಿಸ್ಲೋ ಏಳು ಕಲಿಸ್ಲೋ?"

"ಎರಡೂ ಖರೇನ ಅವ್ವ. ಒಬ್ಬೊಬ್ಬರು ಒಂದೊಂದು ನಮೂನಿ ಎಣಿಸ್ತಾರ."

ಅವಳಿಗೆ ಸಿಟ್ಟು ಬಂದಂತಿರಲಿಲ್ಲ. ತಿಳಿಯಲೆಂದೇ ಕೇಳಿದಳು, "ಹಂಗಾದ್ರ ಪ್ರಿನ್ಸಿಪಾಲರ ಮುಂದ ಯಾಕ ಅನಲಿಲ್ರಿ?"

ಶಹಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಬಂದಿದ್ದರೆ ಹತ್ತಿಬಿಡುತ್ತಿದ್ದೆ.