ಪೊರಕೆಗೆ ಜಾಗ ಹುಡುಕಿದ ಶಿವರುದ್ರಮ್ಮ

ಸೋಮವಾರ ಬೆಳಗಿನ ಆರು ಗಂಟೆ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಿವರುದ್ರಮ್ಮ ಎರಡು ಗೋಣಿ ಮೂಟೆ ನಿಲ್ಲಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದಾರೆ. ಮೂಟೆಗಳಲ್ಲಿ ತೆಂಗಿನ ಕಡ್ಡಿಯ ನಲವತ್ತು ಪೊರಕೆಗಳಿವೆ. ಬಸ್ಸು ಬರುತ್ತದೆ. ಕಂಡಕ್ಟರ್ ತಿಮ್ಮೇಶ್ ಬಾಗಿಲಲ್ಲಿ ಕೈ ಅಡ್ಡ ಹಿಡಿಯುತ್ತಾರೆ.

“ಅಕ್ಕೋ, ಇನ್ನೂ ಬೋಣಿ ಆಗಿಲ್ಲ. ಸ್ವಲ್ಪ ನಿಂತ್ಕೊ.”

“ನಂದು ಫ್ರೀ ಟಿಕೆಟ್ಟು ಕಣಣ್ಣ.”

“ನಿಂದು ಫ್ರೀ. ನಿನ್ ಪೊರಕೆಗೆ ಲಗೇಜ್ ಹರೀಬೇಕಲ್ಲ? ಎದ್ದೆದ್ದು ಪೊರಕೆ ದುಡ್ಡಲ್ಲಿ ಬೋಣಿ ಮಾಡಿದ್ರೆ ನನ್ ಗತಿ ಏನು?”

ಹಾಲಿನ ಕ್ಯಾನಿನವರೊಬ್ಬರು ಟಿಕೆಟ್ ತೆಗೆದುಕೊಂಡ ಮೇಲೆ ಶಿವರುದ್ರಮ್ಮನಿಗೆ ದಾರಿ ಸಿಗುತ್ತದೆ. “ಈಗ ಹತ್ಲಾ ಸ್ವಾಮಿ?” ಎನ್ನುತ್ತಾ ಹತ್ತುತ್ತಾರೆ. ಸಿಟ್ಟೇನೂ ಇಲ್ಲ. ಇಂಥದ್ದು ಅವರಿಗೆ ರೂಢಿಯಾಗಿದೆ.

ಅವರು ಹೊರಟಿರುವುದು ತುಮಕೂರು ಬಳಿಯ ವಸಂತನರಸಾಪುರದ ಕಾರ್ಖಾನೆಯೊಂದಕ್ಕೆ. ಪ್ರತಿ ಸೋಮವಾರ ಅದರ ಗೇಟಿನ ಪಕ್ಕ ಕೂತು ಅವರು ಪೊರಕೆ ಮಾರುತ್ತಾರೆ. ವರ್ಷವಿಡೀ ಪ್ಲಾಸ್ಟಿಕ್ ಪೊರಕೆ ತರಿಸಬೇಕೋ, ಇವರ ಕಡ್ಡಿ ಪೊರಕೆಯೋ ಎಂದು ಕಂಪನಿ ಇವತ್ತು ಹೇಳಲಿದೆ. ಪ್ಲಾಸ್ಟಿಕ್ ಬಂದರೆ ಗೇಟಿನ ಜಾಗವೂ ಹೋಗುತ್ತದೆ. ಅವರ ಜೊತೆ ಪೊರಕೆ ಕಟ್ಟುವ ಊರಿನ ಐವರು ಹೆಂಗಸರು ಮತ್ತೆ ಕೂಲಿಗೆ ಹೋಗಬೇಕು.

ಶಿವರುದ್ರಮ್ಮನಿಗೆ ನಲವತ್ತಾರು ವರ್ಷ. ಗಂಡ ತೆಂಗಿನ ಮರ ಹತ್ತುವವರು, ತೋಟಗಳಲ್ಲಿ ಬಿದ್ದ ಗರಿ ತಂದು ಹಾಕುತ್ತಾರೆ. ಒಂದು ಪೊರಕೆಗೆ ಒಂದು ಗರಿ, ಸುಮಾರು ಇನ್ನೂರು ಕಡ್ಡಿ. ಮನೆಗೆಲಸದ ನಡುವೆ ಒಬ್ಬೊಬ್ಬರೂ ಕಡ್ಡಿ ಹೆರೆದು ದಿನಕ್ಕೆ ಒಂದೆರಡು ಕಟ್ಟುತ್ತಾರೆ. ಕೈಕಸುಬು ಉಳಿಸಬೇಕು ಎಂಬ ಭಾಷಣಕ್ಕೆ ನಮ್ಮಲ್ಲಿ ಬರವಿಲ್ಲ. ಕಟ್ಟಿದ್ದನ್ನು ಎಲ್ಲಿ ಮಾರಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಗುಬ್ಬಿಯ ಅಂಗಡಿಯ ಮಹಾಲಿಂಗಯ್ಯ ಹತ್ತು ಪೊರಕೆ ಇಟ್ಟುಕೊಂಡರು, ಆದರೆ ಫಿನಾಯಿಲ್ ಡಬ್ಬಿಗಳ ಹಿಂದೆ. ಮಧ್ಯಾಹ್ನದವರೆಗೆ ಹೊರಗೆ ತೆಗೆಯುವಂತಿಲ್ಲ, ಮಂಗಳವಾರ ಶುಕ್ರವಾರ ಮುಟ್ಟುವಂತೆಯೇ ಇಲ್ಲ. ಕುಣಿಗಲ್‌ನಲ್ಲಿ ಶಿವರುದ್ರಮ್ಮ ಅಂಗಡಿ ಅಂಗಡಿ ಸುತ್ತಿದರು. ಎಲ್ಲೆಡೆ ಬಣ್ಣಬಣ್ಣದ ಪ್ಲಾಸ್ಟಿಕ್ ನೇತಾಡುತ್ತಿತ್ತು. ತುಮಕೂರಿನ ಮೇಳವೊಂದರಲ್ಲಿ ಮೂರು ದಿನ ಸ್ಟಾಲ್ ಹಾಕಿದರು. ಬಂದವರು ಸೆಲ್ಫಿ ತೆಗೆದುಕೊಂಡರು.

“ಗೋಡೆಗೆ ನೇತಾಕಕ್ಕೆ ಪುಟ್ಟ ಪೊರಕೆ ಮಾಡ್ಕೊಡ್ತೀರಾ ಅಂದ್ರು. ಗುಡಿಸಕ್ಕಲ್ವಂತೆ, ನೋಡಕ್ಕಂತೆ!” ಎಂದು ಶಿವರುದ್ರಮ್ಮ ನಗುತ್ತಾರೆ. “ಪೊರಕೆ ಎಲ್ಲರ ಮನೇಗೂ ಬೇಕು. ಯಾರ ಕಣ್ಣಿಗೂ ಬೀಳ್ಬಾರ್ದು.”

ಗುಡಿಸುವುದೇ ಕೆಲಸವಾದವರ ಹತ್ತಿರ ಹೋಗಬೇಕು ಎಂದು ಆಮೇಲೆ ಹೊಳೆಯಿತು. ಹೋದ ವರ್ಷ ಈ ಕಾರ್ಖಾನೆಯ ಸ್ವಚ್ಛತೆಯ ಸೂಪರ್‌ವೈಸರ್ ಮಲ್ಲಿಕಾರ್ಜುನ್ ಒಂದೇ ವಾರದಲ್ಲಿ ಅರವತ್ತು ಪೊರಕೆ ಕೇಳಿದರು. ಕಡ್ಡಿ ಎಂಟು ದಿನ ಒಣಗಬೇಕು. ಇವರು ಅವಸರಕ್ಕೆ ಹಸಿ ಕಡ್ಡಿಯನ್ನೇ ಕಟ್ಟಿ ಕೊಟ್ಟರು. ಬಿಸಿಲಿಗೆ ಕಡ್ಡಿ ಒಣಗಿ ಸಣ್ಣಗಾಯಿತು, ಕಟ್ಟು ಸಡಿಲವಾಯಿತು, ಕಾರ್ಖಾನೆಯ ಅಂಗಳದ ತುಂಬ ಕಡ್ಡಿ ಉದುರಿತು. “ಕಸಕ್ಕಿಂತ ಮೊದ್ಲು ನಿಮ್ ಪೊರಕೆ ಗುಡಿಸ್ಬೇಕಾಗಿದೆ ಕಣಮ್ಮ” ಎಂದು ಬೈದು ಮಲ್ಲಿಕಾರ್ಜುನ್ ಆರ್ಡರ್ ನಿಲ್ಲಿಸಿದರು.

“ತಪ್ಪು ನಮ್ದೇ. ಹಸಿ ಅಂತ ಗೊತ್ತಿದ್ದೂ ಕಟ್ಟಿದ್ವಿ. ಆರ್ಡರ್ ಕೈ ತಪ್ಪಿಹೋಯ್ತದೆ ಅಂತ ಭಯ” ಎನ್ನುತ್ತಾರೆ ಶಿವರುದ್ರಮ್ಮ.

ಮುಂದಿನ ಸೋಮವಾರ ಅವರು ಹಗ್ಗ, ಕಟ್ಟು ಬಿಗಿಯಾಗುವಂತೆ ಬಡಿಯಲು ಮರದ ಕೊಡತಿ ಹಿಡಿದು ಗೇಟಿಗೆ ಬಂದರು. ಯಾರೂ ಕರೆದಿರಲಿಲ್ಲ. ಹೊಂಗೆ ಮರದ ಕೆಳಗೆ ಕೂತು ಮೂರು ಸೋಮವಾರಗಳಲ್ಲಿ ಅರವತ್ತನ್ನೂ ಬಿಚ್ಚಿ ಕಟ್ಟಿದರು. ಆಗ ಅಲ್ಲಿ ಗುಡಿಸುವ ಹನುಮಕ್ಕ ಎದುರು ಬಂದು ಕೂತರು. “ಪೊರಕೆ ರಿಪೇರಿ ಸರಿ ಕಣಮ್ಮಿ, ನನ್ ಸೊಂಟ ಯಾರು ಕಟ್ಕೊಡ್ತಾರೆ?” ಎಂದರು. ಶಿವರುದ್ರಮ್ಮ ಅವರನ್ನು ಎಬ್ಬಿಸಿ ನಿಲ್ಲಿಸಿ, ಎತ್ತರ ನೋಡಿ, ಬಗ್ಗದೆ ಗುಡಿಸುವಂತೆ ಉದ್ದನೆಯ ಬಿದಿರಿನ ಹಿಡಿ ಹಾಕಿಕೊಟ್ಟರು. ಈಗ ಅಕ್ಕಪಕ್ಕದ ಕಾರ್ಖಾನೆಗಳ ಹೆಂಗಸರೂ ಬಂದು ಅಳತೆ ಕೊಡುತ್ತಾರೆ. ರಿಪೇರಿಗೆ ಕೂತ ಜಾಗವೇ ಅಂಗಡಿಯಾಗಿದೆ. ಇದನ್ನು ನೋಡಿ ಮಲ್ಲಿಕಾರ್ಜುನ್ ವರ್ಷದ ಆರ್ಡರಿಗೆ ಮತ್ತೆ ಇವರ ಹೆಸರು ಸೇರಿಸಿದರು, ಕಂಪನಿ ಹದಿನೈದು ದಿನ ಪ್ಲಾಸ್ಟಿಕ್ ಪೊರಕೆಯನ್ನೂ ಬಳಸಿ ನೋಡಿತು.

ಒಂಬತ್ತು ಗಂಟೆಗೆ ಮಲ್ಲಿಕಾರ್ಜುನ್ ಬರುತ್ತಾರೆ. ಮೂಟೆಯಿಂದ ಒಂದು ಪೊರಕೆ ಎಳೆದು ಸಿಮೆಂಟ್ ನೆಲಕ್ಕೆ ನಾಲ್ಕು ಸಲ ಬಡಿಯುತ್ತಾರೆ. ಒಂದು ಕಡ್ಡಿಯೂ ಉದುರುವುದಿಲ್ಲ.

“ಮೇಲಿನವ್ರು ಪ್ಲಾಸ್ಟಿಕ್ಕೇ ಅಂತಿದಾರೆ” ಎಂದು ಅವರು ಶುರು ಮಾಡುತ್ತಿದ್ದಂತೆ ಹನುಮಕ್ಕ ಬಾಯಿ ಹಾಕುತ್ತಾರೆ. “ಸಾರ್, ಹದಿನೈದು ದಿನ ಅದ್ರಲ್ಲಿ ಗುಡಿಸಿದೀನಿ. ನಿಂತ ನೀರು ನೂಕಕ್ಕೆ ಹೋದ್ರೆ ನಿಮ್ ಪ್ಲಾಸ್ಟಿಕ್ಕು ನನಗಿಂತ ಮುಂಚೆ ಬಗ್ತದೆ. ಮೇಲಿನವ್ರನ್ನ ಒಂದಿನ ಗುಡಿಸಕ್ಕೆ ಕಳ್ಸಿ.”

“ಪೂರ್ತಿ ಹೇಳೋಕೆ ಬಿಡಮ್ಮ. ಒಳಗಿನ ಹಾಲ್‌ಗೆ ಪ್ಲಾಸ್ಟಿಕ್, ಅಂಗಳಕ್ಕೆ ಇವರದು. ತಿಂಗಳಿಗೆ ನಲವತ್ತು. ಪ್ಲಾಸ್ಟಿಕ್ ಬಗ್ಗೆ ನಿಮ್ಮ ತಕರಾರು ಮೇಲಿನವ್ರಿಗೆ ಆಗ್ಲೇ ಮುಟ್ಸಿದೀನಿ.”

ನಲವತ್ತು ದೊಡ್ಡ ಸಂಖ್ಯೆಯಲ್ಲ. ಗೇಟಿನಲ್ಲಿ ಮಾರುವುದೂ ಸೇರಿದರೆ ಆರು ಮಂದಿಗೆ ಕೆಲಸ ಉಳಿಯುತ್ತದೆ. ಶಿವರುದ್ರಮ್ಮ ಹಿಗ್ಗುವುದಿಲ್ಲ. ಕೈ ಒರೆಸಿಕೊಂಡು, ಹನುಮಕ್ಕ ಅಂಗಳದ ತುದಿಯವರೆಗೆ ಗುಡಿಸಿಕೊಂಡು ಹೋಗುವುದನ್ನೇ ನೋಡುತ್ತಾರೆ.

“ನಮ್ಮೂರ ಐದು ಜನಾನೂ ಒಂದಿನ ಕರ್ಕೊಂಬರ್ಬೇಕು. ಅವ್ರು ಕಟ್ಟಿದ್ದು ಎಲ್ಲಿ ಗುಡಿಸ್ತೈತೆ ಅಂತ ಅವ್ರೇ ಇನ್ನೂ ನೋಡಿಲ್ಲ. ಗೇಟಿಂದ ಒಳಗೆ ಬಿಡ್ತಾರಾ, ಕೇಳ್ಬೇಕು.”