ರೂಪಾಳ ಬ್ಯಾಗು ಹೊತ್ತವಳು

ಸಾದಲಿಯ ಬಯ್ಯಪ್ಪನ ಮಗಳು ರೂಪಾಳಿಗೆ ಮೂಗಿನ ತುದಿಯಲ್ಲೇ ಕೋಪ. ಹುಟ್ಟುವಾಗಲೇ ಮುಷ್ಟಿ ಬಿಗಿಹಿಡಿದು ಬಂದವಳು ಎಂದು ಅವಳ ಸೋದರತ್ತೆ, ಚಿಂತಾಮಣಿಯ ವೆಂಕಟರತ್ನಮ್ಮ, ಈಗಲೂ ಹೇಳುತ್ತಾಳೆ. ಎಲ್ಲ ಮಕ್ಕಳೂ ಹುಟ್ಟುವುದು ಹಾಗೆಯೇ. ಆದರೆ ಆ ಅತ್ತೆಗೆ ಎದುರು ಹೇಳುವವರು ಯಾರು!

ಬಯ್ಯಪ್ಪ ನಂದಿಬೆಟ್ಟದ ತಪ್ಪಲಿನ ಗಾಲ್ಫ್ ಕ್ಲಬ್ಬೊಂದರಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ. ಹೆಂಡತಿ ಆಂಜಿನಮ್ಮ ಸಾದಲಿಯಲ್ಲೇ ಇದ್ದು ರೇಷ್ಮೆಹುಳು ಸಾಕುತ್ತಿದ್ದಳು. ಹೈಸ್ಕೂಲು ಹತ್ತಿರವಾಗುತ್ತದೆಂದು ರೂಪ ಅಪ್ಪನ ಜೊತೆ ಕ್ಲಬ್ಬಿನ ಹಿಂದಿನ ಕ್ವಾರ್ಟರ್ಸಿನಲ್ಲಿದ್ದಳು. ಸೋಮವಾರ ಕ್ಲಬ್ಬಿಗೆ ರಜ. ಅವತ್ತು ದೊಡ್ಡವರು ಯಾರೂ ಬರುವುದಿಲ್ಲ. ವಾರವೆಲ್ಲ ಅವರ ಬ್ಯಾಗು ಹೊರುವ ಕ್ಯಾಡಿಗಳೇ ಮೈದಾನಕ್ಕಿಳಿದು ಆಡುತ್ತಾರೆ. ಒಂದು ಸೋಮವಾರ ರೂಪ ಸ್ಕೂಲಿಗೆ ಚಕ್ಕರ್ ಹೊಡೆದು ಅಲ್ಲಿಗೆ ಹೋಗಿ ನಿಂತಳು.

"ಹೆಣ್ಮಕ್ಕಳಿಗೆ ಇಲ್ಲ ಕಣಮ್ಮ, ಇದು ಕ್ಯಾಡಿಗಳ ದಿನ," ಎಂದ ಮುನಿಶಾಮಿ. ಕ್ಯಾಡಿಗಳಿಗೆಲ್ಲ ಹಿರಿಯ ಅವನು.

"ಎಲ್ಲಿ ಬರೆದೈತೆ? ತೋರ್ಸಿ."

"ಬರೆದೇನಿಲ್ಲ..."

"ಬರೆದಿಲ್ಲ ಅಂದ್ಮೇಲೆ ಕೋಲು ಕೊಡಿ. ಒಂದೇ ಒಂದು ಹೊಡೀತೀನಿ."

ಹೊಡೆದಳು. ಚೆಂಡು ಇದ್ದಲ್ಲೇ ಇತ್ತು, ಅಪ್ಪ ಕತ್ತರಿಸಿದ ಹುಲ್ಲು ಮಾತ್ರ ಮಣ್ಣಿನ ಸಮೇತ ಹಾರಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಒಂದೇ ಹೊಡೆತ ಎಂದವಳು ಹೊತ್ತು ಮುಳುಗುವವರೆಗೂ ಕೋಲು ಕೊಡಲಿಲ್ಲ. ಕೊನೆಕೊನೆಗೆ ಅವಳ ಚೆಂಡು ನಕ್ಕವರ ಚೆಂಡುಗಳನ್ನೆಲ್ಲ ದಾಟಿ ಹೋಗಿ ಬಿತ್ತು. ಮುನಿಶಾಮಿ ತಲೆ ಕೆರೆದುಕೊಂಡ. "ಮುಂದಿನ ಸೋಮವಾರಾನೂ ಬಾ ತಾಯಿ. ಬೈಕೊಂಡಾದ್ರೂ ಕಲಿಸ್ತೀನಿ."

ಹಾಗೆ ಕಲಿತದ್ದು ಅವಳು. ಊರಿನವರ ಬಾಯಿಗೆ ಬೀಗ ಇದೆಯೇ? "ಚಿಣ್ಣಿದಾಂಡು ಆಡೋಕೆ ಇಷ್ಟೊಂದು ಕೋಲಾ?" ಎಂದು ಕಿಚಾಯಿಸಿದರು. ವೆಂಕಟರತ್ನಮ್ಮನದಂತೂ ಬಂದಾಗಲೆಲ್ಲ ಒಂದೇ ರಾಗ. "ಬಿಸಿಲಲ್ಲಿ ಹಿಂಗೆ ಕರ್ರಗಾದ್ರೆ ಯಾವ ಗಂಡು ಬರ್ತಾನೆ ನೋಡೋಕೆ?"

"ಬರದಿದ್ರೆ ಕಾಫಿಪುಡಿ ಉಳೀತು ಬಿಡಿ ಅತ್ತೆ," ಎನ್ನುತ್ತಿದ್ದಳು ರೂಪ.

ಅವಳ ಕೈ ಪಳಗುವ ಹೊತ್ತಿಗೆ, ಎರಡು ಸಾವಿರದ ಆರರ ಸುಮಾರಿಗೆ, ನಮ್ಮ ದೇಶದಲ್ಲೂ ಹೆಂಗಸರಿಗೆ ವೃತ್ತಿಪರ ಗಾಲ್ಫ್ ಪಂದ್ಯಗಳು ಶುರುವಾದವು. ಆಡಲು ಬಂದವರು ಬಹುಪಾಲು ಕಾರಿನಲ್ಲಿ ಬಂದಿಳಿಯುವ ಮನೆಯವರು. ರೂಪ ಬಸ್ಸಿನ ಟಾಪ್ ಮೇಲೆ ಬ್ಯಾಗು ಕಟ್ಟಿಸಿ ಹೋಗುತ್ತಿದ್ದಳು. ಯಾರೋ ಬಳಸಿ ಬಿಟ್ಟ ಕೋಲುಗಳು, ಬ್ಯಾಗು ಹೊರಲು ಮುನಿಶಾಮಿ. ಎರಡು ವರ್ಷ ಹೀಗೇ ಆಡಿ, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದರೂ, ಪಟ್ಟಿಯಿಂದ ಹೆಸರು ಬೀಳದಂತೆ ಹಲ್ಲುಕಚ್ಚಿ ಹಿಡಿದುಕೊಂಡಿದ್ದಳು.

ಎರಡು ಸಾವಿರದ ಎಂಟರ ಕೊನೆಯ ಪಂದ್ಯ ಅವಳ ಅಪ್ಪ ಹುಲ್ಲು ಕತ್ತರಿಸುವ ಮೈದಾನದಲ್ಲೇ ಬಂತು. ಮೊದಲ ಹತ್ತು ಜನರೊಳಗೆ ಬಂದರೆ ಮುಂದಿನ ವರ್ಷದ ಪಂದ್ಯಗಳಿಗೆಲ್ಲ ಸೀಟು ಭದ್ರ. ಇಲ್ಲವೋ, ಸೀಟು ಹೋಗಿ, ಜನವರಿಯಲ್ಲಿ ಹೊಸಬರ ಜೊತೆ ಅರ್ಹತಾ ಪಂದ್ಯ ಆಡಬೇಕು. ಅಲ್ಲಿ ಸೀಟು ಸಿಗುವುದು ಇಬ್ಬರಿಗೋ ಮೂವರಿಗೋ. ಇಂಥ ಹೊತ್ತಿನಲ್ಲಿ ಮುನಿಶಾಮಿಗೆ ಚಿಕುನ್‌ಗುನ್ಯಾ ಹಿಡಿದು ಮಂಡಿ ಮಡಚಲೂ ಆಗದೆ ಮಲಗಿಬಿಟ್ಟ. ಉಳಿದ ಕ್ಯಾಡಿಗಳು ಒಬ್ಬೊಬ್ಬರೇ ನೆಪ ಹೇಳಿ ಜಾರಿಕೊಂಡರು. "ಹುಲ್ಲು ಕತ್ತರಿಸೋ ಬಯ್ಯಪ್ಪನ ಮಗಳ ಬ್ಯಾಗು ನಾವು ಹೊರೋದಾ?" ಎಂದು ಅವರು ಆಡಿಕೊಂಡದ್ದು ಅವಳ ಕಿವಿಗೆ ಬೀಳದೆ ಇರಲಿಲ್ಲ.

"ಬೇಡ ಬಿಡಿ. ನಮ್ಮಮ್ಮ ಹೊರ್ತಾಳೆ," ಎಂದಳು.

ಆಂಜಿನಮ್ಮ ಆಗಷ್ಟೇ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಕಳಿಸಿ, ಹುಳುಮನೆ ತೊಳೆದು, ಬಿಡುವಾಗಿದ್ದಳು. ಮಗಳು ಹೇಳಿಕೊಟ್ಟ ಪಾಠವನ್ನು ಬಸ್ಸಿನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು: ಚೆಂಡು ಮುಟ್ಟಬಾರದು, ಹೊಡೆಯುವಾಗ ಮಾತಾಡಬಾರದು, ಚೆಂಡು ಹೋಗುವ ದಾರಿ ತುಳಿಯಬಾರದು. ಪಂದ್ಯದ ದಿನ ಸೀರೆ ಎತ್ತಿಕಟ್ಟಿ, ಟವೆಲು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಆ ಉದ್ದನೆಯ ಬ್ಯಾಗನ್ನು ಹಿಪ್ಪುನೇರಳೆ ಸೊಪ್ಪಿನ ಹೊರೆಯ ಹಾಗೆ ಅಡ್ಡಡ್ಡ ಹೊತ್ತುಕೊಂಡಳು.

"ಹೆಗಲಿಗೆ ಹಾಕ್ಕೋಬೇಕಮ್ಮ."

"ಹೆಗಲು ಸೋಲುತ್ತೆ ಕಣೇ. ತಲೆ ಮೇಲಿದ್ರೆ ಭಾರಾನೇ ಗೊತ್ತಾಗಲ್ಲ. ನಡಿ ನೀನು."

ಕ್ಲಬ್ಬಿನ ಕಾರ್ಯದರ್ಶಿ ಉದಯಕುಮಾರ್ ಓಡೋಡಿ ಬಂದರು. "ಏನಮ್ಮ ಇದು ಅವತಾರ? ಟಿವಿಯವರು ಬಂದಿದಾರೆ!"

"ತಲೆ ಮೇಲೆ ಹೊರಬಾರದು ಅಂತ ರೂಲ್ಸ್ ಇದ್ರೆ ಹೇಳಿ ಸಾರ್, ಇಳಿಸ್ತಾಳೆ."

ಅಂಥ ನಿಯಮ ಇರಲಿಲ್ಲ. ಇದ್ದಿದ್ದರೆ ಅವರು ಬಿಡುತ್ತಿದ್ದರೇ!

ಅವತ್ತು ರೂಪ ಆಡಿದ ಆಟ ನೋಡಬೇಕಿತ್ತು. ಮೈದಾನದ ಮುಕ್ಕಾಲು ಪಾಲು ಮುಗಿಯುವ ಹೊತ್ತಿಗೆ ಅವಳ ಹೆಸರು ಎಂಟನೆಯ ಜಾಗದಲ್ಲಿತ್ತು. ಇನ್ನು ಮೂರು ಹೋಲ್, ಅಂದರೆ ಚೆಂಡು ಹಾಕಬೇಕಾದ ಮೂರು ಕುಣಿ, ಬಾಕಿ ಇರುವಾಗ ಅವಳ ಚೆಂಡು ಮರಳಿನ ಗುಂಡಿಗೆ ಬಿತ್ತು. ಅದರಿಂದ ಎತ್ತಿ ಹೊಡೆಯುವುದು ಅವಳಿಗೆ ಕಷ್ಟವಾಗಿರಲಿಲ್ಲ. ಆದರೆ ಚೆಂಡಿನ ಪಕ್ಕದಲ್ಲೇ ಒಂದು ಹಸಿರು ಹುಳು ತೆವಳುತ್ತಿತ್ತು.

ಆಂಜಿನಮ್ಮ ಬ್ಯಾಗು ಇಳಿಸಿದಳು, ಬಗ್ಗಿದಳು, ಹುಳುವನ್ನು ಎರಡೇ ಬೆರಳಲ್ಲಿ ನೋಯದಂತೆ ಎತ್ತಿ ಆಚೆಯ ಹುಲ್ಲಿನ ಮೇಲೆ ಬಿಟ್ಟಳು. ಹುಳುಮನೆಯಲ್ಲಿ ಒಂದೇ ಒಂದು ಹುಳು ನೆಲಕ್ಕೆ ಬಿದ್ದಿದ್ದರೂ ಎತ್ತಿ ತಟ್ಟೆಗೆ ಹಾಕದೆ ಹೆಜ್ಜೆ ಮುಂದಿಡುವವಳಲ್ಲ ಅವಳು. ಕಟ್ಟಿದ ಗೂಡು ಬಿಸಿನೀರಿಗೆ ಬೀಳುವುದು ಬೇರೆ ಮಾತು, ಅದನ್ನು ಕೇಳಿದರೆ ಅವಳೂ ನಿಟ್ಟುಸಿರು ಬಿಡುತ್ತಾಳೆ. ಕಾಲ ಕೆಳಗಿನ ಹುಳುವನ್ನು ನೋಡಿಯೂ ಬಿಡುವುದು ಮಾತ್ರ ಅವಳಿಂದಾಗದು.

ಜೊತೆಗೆ ಆಡುತ್ತಿದ್ದ ಬೆಂಗಳೂರಿನ ಲಾವಣ್ಯ ಕೈ ಎತ್ತಿದಳು. ಅವಳದೇನೂ ತಪ್ಪಿಲ್ಲ. ಮರಳಿನಲ್ಲಿ ಚೆಂಡಿರುವಾಗ ಅಲ್ಲಿರುವ ಎಲೆ, ಕಡ್ಡಿ, ಹುಳು ಯಾವುದನ್ನೂ ಮುಟ್ಟಿ ತೆಗೆಯಬಾರದೆಂಬುದು ಆಗಿನ ನಿಯಮ. ಕ್ಯಾಡಿ ಮುಟ್ಟಿದರೆ ಆಟಗಾರ್ತಿಯೇ ಮುಟ್ಟಿದ ಲೆಕ್ಕ. ತೀರ್ಪುಗಾರರು ಬಂದು ದಂಡ ಹಾಕಿದರು, ಲೆಕ್ಕಕ್ಕೆ ಎರಡು ಹೊಡೆತ ಜಾಸ್ತಿ. ಈ ಆಟದಲ್ಲಿ ಹೊಡೆತ ಕಡಿಮೆಯಾದಷ್ಟೂ ಮೇಲು. ಎಂಟನೆಯವಳು ಹನ್ನೊಂದಕ್ಕೆ ಇಳಿದಳು.

ಸುಳ್ಳೇಕೆ, ಆ ಗಳಿಗೆಯಲ್ಲಿ ರೂಪಾಳಿಗೆ ಅಮ್ಮನ ಮೇಲೇ ಮೈಯೆಲ್ಲ ಉರಿದುಹೋಯಿತು. ಇಷ್ಟೆಲ್ಲ ಹೇಳಿಕೊಟ್ಟಿದ್ದೆನಲ್ಲ ಎಂದು ತಿರುಗಿದಳು. ಆದರೆ ಹುಳುವಿನ ವಿಷಯ ಹೇಳಿಕೊಡಬೇಕೆಂದು ಯಾರಿಗಾದರೂ ಹೊಳೆದೀತೇ? ಆಂಜಿನಮ್ಮನ ಮುಖ ಸುಣ್ಣ ಬಳಿದಂತಾಗಿತ್ತು.

"ಅಯ್ಯೋ ದೇವುಡಾ, ನಿನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ದೆನಲ್ಲೇ."

ಉದಯಕುಮಾರ್ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಮ್ಮ, ಮಧ್ಯದಲ್ಲಿ ಕ್ಯಾಡಿ ಬದಲಾಯಿಸಬಹುದು. ನಮ್ಮ ಒಳ್ಳೆ ಹುಡುಗನ್ನ ಕೊಡ್ತೀನಿ. ಇನ್ನೂ ಸೀಟು ಉಳಿಸ್ಕೋಬಹುದು. ಇವರು ಹೋಗಿ ನೆರಳಲ್ಲಿ ಕೂತ್ಕೊಳ್ಳಲಿ."

"ಹೋಗ್ತೀನಮ್ಮ ನಾನು," ಎಂದು ಆಂಜಿನಮ್ಮ ಸಿಂಬಿ ಬಿಚ್ಚತೊಡಗಿದಳು.

ನೋಡಲು ಬಂದವರಿಗೆಂದು ಕಟ್ಟಿದ್ದ ಹಗ್ಗದಾಚೆ ನಿಂತಿದ್ದ ಯಾರೋ ಎಲ್ಲರಿಗೂ ಕೇಳುವಂತೆ ಅಂದರು: "ಸೊಪ್ಪು ಹೊರೋರನ್ನ ಗಾಲ್ಫಿಗೆ ಕರ್ಕೊಂಡು ಬಂದ್ರೆ ಇನ್ನೇನಾಗುತ್ತೆ?" ನಾಲ್ಕು ಜನ ನಕ್ಕರು.

ಅಷ್ಟೇ. ಅಮ್ಮನ ಮೇಲಿದ್ದ ಸಿಟ್ಟು ಅಲ್ಲಿಂದೆದ್ದು ಹಗ್ಗದಾಚೆ ಹಾರಿತು. "ಬಿಚ್ಚಬೇಡ ಅದನ್ನ," ಎಂದಳು ರೂಪ. "ಎತ್ಕೋ ಬ್ಯಾಗು. ಕೊನೇ ಹೋಲಿನವರೆಗೂ ನೀನೇ ಬರ್ತೀಯ. ದಂಡ ಹಾಕಿದ್ರು, ಕಟ್ಟಿದೀವಿ. ಅದಕ್ಕಿಂತ ಜಾಸ್ತಿ ಯಾರಿಗೂ ಏನೂ ಕೊಡಬೇಕಾಗಿಲ್ಲ."

"ಸೀಟು ಹೋಗುತ್ತಲ್ಲೇ!"

"ಹೋದ್ರೆ ಹೋಗ್ಲಿ. ಎತ್ಕೋ ಅಂದ್ನಲ್ಲ."

ಎತ್ತಿಕೊಂಡಳು. ಮರಳಿನಿಂದ ಚೆಂಡು ಚಿಮ್ಮಿ ಕುಣಿಯ ಬಾವುಟದ ಹತ್ತಿರ ಬಿತ್ತು. ಮುಂದಿನ ಹೋಲಿನಲ್ಲಿ ಒಂದು ಹೊಡೆತ ಉಳಿಸಿದಳು. ಕೊನೆಯ ಹೋಲಿನಲ್ಲಿ ಕುಣಿಯ ಹತ್ತಿರ ಬರುವಾಗ ಲೆಕ್ಕ ಎಲ್ಲರಿಗೂ ಗೊತ್ತಿತ್ತು: ಈ ಹೊಡೆತಕ್ಕೆ ಚೆಂಡು ಕುಣಿಯೊಳಗೆ ಬಿದ್ದರೆ ಹತ್ತನೆಯವಳು, ಬೀಳದಿದ್ದರೆ ಹನ್ನೊಂದನೆಯವಳು. ರೂಪ ಮೆಲ್ಲಗೆ ತಳ್ಳಿದಳು. ಚೆಂಡು ಉರುಳಿ ಉರುಳಿ ಹೋಗಿ, ಕುಣಿಯ ಅಂಚಿನಲ್ಲಿ ಅರ್ಧ ಸುತ್ತು ಬಂದು, ಹೊರಗೇ ನಿಂತಿತು.

ಆಂಜಿನಮ್ಮ ಬ್ಯಾಗು ಇಳಿಸಿ ನೆಲಕ್ಕೆ ಕುಸಿದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಉದಯಕುಮಾರ್ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ ಅವರು, ನಿಜವಾಗಿಯೂ ಬೇಜಾರಾಗಿತ್ತು. "ಒಂದೇ ಹೊಡೆತಕ್ಕೆ ಹೋಯ್ತಲ್ಲಮ್ಮ. ಅವಾಗಲೇ ನನ್ನ ಮಾತು ಕೇಳಿ ಅಮ್ಮನ್ನ ಕಳಿಸಿದ್ದಿದ್ರೆ..."

ರೂಪಾಳ ಕಣ್ಣಲ್ಲೂ ನೀರಿತ್ತು. ಒರೆಸಿಕೊಳ್ಳಲಿಲ್ಲ, ಮುಖ ತಿರುಗಿಸಲೂ ಇಲ್ಲ.

"ಸೀಟು ಹೋದ್ರೆ ಜನವರಿಲಿ ಆಡಿ ವಾಪಸ್ ತಗೋತೀನಿ ಸಾರ್. ಇಷ್ಟು ಜನದ ಮುಂದೆ ನಮ್ಮಮ್ಮನ್ನ ಆಚೆ ಕಳಿಸಿದ್ದಿದ್ರೆ, ಅದನ್ನ ಯಾವ ಪಂದ್ಯ ಆಡಿ ವಾಪಸ್ ತಗೋತಿದ್ದೆ?"

ಹೇಳಿದಂತೆಯೇ ಮಾಡಿದಳು ರೂಪ. ಜನವರಿಯಲ್ಲಿ ಹೋದಳು, ಆಡಿದಳು, ಸೀಟು ತೆಗೆದುಕೊಂಡಳು. ಅಷ್ಟರಲ್ಲಿ ಮುನಿಶಾಮಿಗೂ ಮಂಡಿ ಸರಿಯಾಗಿತ್ತು, ಬರುತ್ತೇನೆಂದು ಹೊರಟೂ ನಿಂತಿದ್ದ. ಆದರೆ ಅಲ್ಲೂ ಬ್ಯಾಗು ಹೊತ್ತದ್ದು ಆಂಜಿನಮ್ಮನೇ.